ತೆರೆಯುತ್ತದೆ, ಮಾತನಾಡುವುದಿಲ್ಲ: ಡೆಬಿಯನ್‌ಗೆ ಚಾಟ್ ತಂತ್ರಾಂಶ ಪ್ಯಾಕೇಜು ಮಾಡುವವರಿಗೊಂದು ದೋಷ ನಿವಾರಣೆ ಕೈಪಿಡಿ

"ತೆರೆಯುತ್ತದೆ ಅಣ್ಣ, ಆದರೆ ಮಾತನಾಡುವುದಿಲ್ಲ."

ಕಾಸರಗೋಡಿನ ಬದಿಯಡ್ಕದಿಂದ ಒಳಗಿರುವ ಒಂದು ವಾಚನಾಲಯದಿಂದ ಬಂದ ಫೋನಿನಲ್ಲಿ ಇದ್ದದ್ದು ಇಷ್ಟೇ. ಅಲ್ಲಿನ ಎರಡು ಹಳೆಯ ಕಂಪ್ಯೂಟರುಗಳಿಗೆ ಹಿಂದಿನ ದಿನವಷ್ಟೇ ನನ್ನ ಕೈಯಾರೆ ಕಟ್ಟಿದ ಪ್ಯಾಕೇಜನ್ನು ಪೆನ್‌ಡ್ರೈವಿನಲ್ಲಿ ಕೊಟ್ಟು ಬಂದಿದ್ದೆ. ಮನೆಯಲ್ಲಿ ತಿಂಗಳುಗಟ್ಟಲೆ ಸೊಗಸಾಗಿ ಓಡಿದ ತಂತ್ರಾಂಶ. ಆ ಫೋನ್ ಬಂದ ಮೇಲೆ ನಾನು ಮಾಡಿದ ಸರಿ ತಪ್ಪುಗಳೆಲ್ಲ ಇಲ್ಲಿವೆ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಗೆ ಅಥವಾ ಅದರಿಂದ ಹುಟ್ಟಿದ ಯಾವುದಕ್ಕೇ ಆದರೂ ಪ್ಯಾಕೇಜು ಮಾಡುವವರಿಗೆ, ಎಂದರೆ ತಂತ್ರಾಂಶವನ್ನು ಅನುಸ್ಥಾಪನೆಗೆ ಸಿದ್ಧವಾದ ಕಡತವಾಗಿ ಕಟ್ಟುವವರಿಗೆ, ಉಪಯೋಗವಾದೀತು.

ತಂತ್ರಾಂಶದ ಪರಿಚಯ ಎರಡು ಮಾತಿನಲ್ಲಿ: ಎಕ್ಸ್‌ಎಂಪಿಪಿ ವಿಧಾನದ ಒಂದು ಚಿಕ್ಕ ಚಾಟ್, ಸಿ ಭಾಷೆಯಲ್ಲಿ ಬರೆದದ್ದು, ಕಿಟಕಿ ಬಿಡಿಸಲು ಜಿಟಿಕೆ 4 ಎಂಬ ಲೈಬ್ರರಿ, ಆಕರ ಸಂಕೇತವನ್ನು ಓಡುವ ಕಾರ್ಯಕ್ರಮವಾಗಿ ಬಿಲ್ಡ್ ಮಾಡಲು ಮೆಸನ್ ಎಂಬ ಸಾಧನ. 1999ರಲ್ಲಿ ಜ್ಯಾಬರ್ ಎಂಬ ಹೆಸರಿನಲ್ಲಿ ಹುಟ್ಟಿದ ಈ ವಿಧಾನಕ್ಕೆ ಫೋನ್ ನಂಬರು ಬೇಡ. ಒಂದು ಸರ್ವರ್‌ನಲ್ಲಿ ಖಾತೆ ಇದ್ದವರು ಇನ್ನೊಂದು ಸರ್ವರ್‌ನವರ ಜೊತೆ ಮಾತನಾಡಬಹುದು. ಮೊಬೈಲ್ ಇಲ್ಲದ ಮಕ್ಕಳೂ ಬರುವ ವಾಚನಾಲಯಕ್ಕೆ ಇದೇ ಹೊಂದುತ್ತದೆ ಎನ್ನಿಸಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಲಿನಕ್ಸ್ ಹೊಸದಲ್ಲ. ಕೇರಳದ ಶಾಲೆಗಳಲ್ಲಿ ಅವರು ಕಲಿಯುವುದೇ ಅದರ ಮೇಲೆ.

ಉಪ್ಪಿನ ಮರಿಗೆ

ನಮ್ಮ ಕಡೆ ಜೆಂಬರದ (ಸಮಾರಂಭದ) ಅಡುಗೆಗೆ ಭಟ್ಟರನ್ನು ಗೊತ್ತು ಮಾಡಿದರೆ ಮೊದಲು ಬರುವುದು ಸಾಮಾನಿನ ಚೀಟಿ. ಅಕ್ಕಿ ಇಷ್ಟು, ತೆಂಗಿನಕಾಯಿ ಇಷ್ಟು, ಬೆಲ್ಲ ಇಷ್ಟು. ಪಳಗಿದ ಭಟ್ಟರು ಪಾತ್ರೆ ಇಳಿಸುವ ಮಸಿಬಟ್ಟೆಯನ್ನೂ ಬಿಡದೆ ಬರೆಯುತ್ತಾರೆ. ಹೊಸಬರು ಉಪ್ಪನ್ನು ಮರೆಯುತ್ತಾರೆ. ಅವರ ಮನೆಯ ಒಲೆಯ ಪಕ್ಕದಲ್ಲಿ ಉಪ್ಪಿನ ಮರಿಗೆ ಯಾವಾಗಲೂ ಇರುವುದರಿಂದ, ಅದನ್ನು ತರಬೇಕಾದ ಸಾಮಾನು ಎಂದು ಅವರು ಎಣಿಸಿರುವುದೇ ಇಲ್ಲ.

ಡೆಬಿಯನ್ ಪ್ಯಾಕೇಜಿನ ಕಂಟ್ರೋಲ್ ಕಡತವೂ ಸಾಮಾನಿನ ಚೀಟಿಯೇ. ಅದರಲ್ಲಿ ಎರಡು ಪಟ್ಟಿಗಳಿವೆ. ಬಿಲ್ಡ್-ಡಿಪೆಂಡ್ಸ್ ಎಂದರೆ ಅಡುಗೆ ಮಾಡಲು ಬೇಕಾದದ್ದು, ಡಿಪೆಂಡ್ಸ್ ಎಂದರೆ ಊಟಕ್ಕೆ ಕೂರುವಾಗ ಬೇಕಾದದ್ದು. ನಾನು ಎರಡರಲ್ಲೂ ಉಪ್ಪು ಮರೆತಿದ್ದೆ. ಪ್ಯಾಕೇಜು ಮಾಡುವವರ ಕಂಪ್ಯೂಟರು ಎಷ್ಟೋ ವರ್ಷಗಳಿಂದ ಕಂಡದ್ದನ್ನೆಲ್ಲ ತುಂಬಿಕೊಂಡ ಅಟ್ಟದ ಹಾಗಿರುತ್ತದೆ. ಅಲ್ಲಿ ಓಡಿತು ಎಂಬುದು ಸಾಕ್ಷಿಯಾಗಿ ನಿಲ್ಲುವುದಿಲ್ಲ.

ಅಡುಗೆಮನೆಯ ತಪ್ಪುಗಳು

ಬಿಲ್ಡ್ ಹಂತದ ದೋಷ ಹಿಡಿಯುವುದು ಸುಲಭ. ಅದು ಕಿರುಚಿ ಹೇಳುತ್ತದೆ. ಆದರೂ ಒಂದು ಲಕ್ಷಣ ನನ್ನನ್ನು ಅರ್ಧ ದಿನ ಕಾಡಿತು. ಮೆಸನ್ ಆಜ್ಞೆಯನ್ನು ನಾನೇ ಕೊಟ್ಟರೆ ಬಿಲ್ಡ್ ಆಗುತ್ತದೆ, ಡೆಬಿಯನ್‌ನ ಪ್ಯಾಕೇಜು ಕಟ್ಟುವ ಆಜ್ಞೆ ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್ ಮೂಲಕ ಹೋದರೆ ಲೈಬ್ರರಿ ಒಂದು ಸಿಗಲಿಲ್ಲ ಎಂದು ನಿಲ್ಲುತ್ತದೆ. ಕಂಪ್ಯೂಟರು ಒಂದೇ, ಆಕರ ಸಂಕೇತ ಒಂದೇ.

ಮೆಸನ್‌ಗೆ ಒಂದು ಅಭ್ಯಾಸವಿದೆ. ಬೇಕಾದ ಲೈಬ್ರರಿ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ, ತಂತ್ರಾಂಶ ಬರೆದವರು ಸಬ್‌ಪ್ರಾಜೆಕ್ಟ್ಸ್ ಕಡತಕೋಶದಲ್ಲಿ ಆಕರ ಎಲ್ಲಿ ಸಿಗುತ್ತದೆ ಎಂದು ಹೇಳುವ ವ್ರ್ಯಾಪ್ ಕಡತ ಇಟ್ಟಿದ್ದರೆ, ಅದು ಅಂತರಜಾಲದಿಂದ ಲೈಬ್ರರಿಯ ಆಕರವನ್ನು ಇಳಿಸಿ ಒಳಗೇ ಸೇರಿಸಿ ಬಿಲ್ಡ್ ಮಾಡುತ್ತದೆ. ನಾನು ಆಜ್ಞೆ ಕೊಟ್ಟಾಗಲೆಲ್ಲ ನಡೆದದ್ದು ಅದು. ಡೆಬಿಯನ್‌ನ ಬಿಲ್ಡ್ ಸಹಾಯಕ ಡೆಬ್‌ಹೆಲ್ಪರ್ ಮಾತ್ರ ಮೆಸನ್‌ಗೆ "ಇಳಿಸಿಕೊಳ್ಳಬೇಡ" ಎಂಬ ಆಯ್ಕೆಯನ್ನು ಸೇರಿಸಿಯೇ ಕೊಡುತ್ತದೆ. ಪರಿಹಾರ: ಆ ಲೈಬ್ರರಿಯ ಡೆವ್ ಪ್ಯಾಕೇಜನ್ನು (ಬಿಲ್ಡ್ ಮಾಡಲು ಬೇಕಾದ ಕಡತಗಳಿರುವುದನ್ನು) ಬಿಲ್ಡ್-ಡಿಪೆಂಡ್ಸ್ ಪಟ್ಟಿಗೆ ಸೇರಿಸುವುದು. ಆಯ್ಕೆಯನ್ನು ತೆಗೆದುಹಾಕಿ ಇಳಿಸಲು ಬಿಡೋಣ ಎಂಬ ಸಲಹೆ ನಿಮಗೂ ಯಾರಾದರೂ ಕೊಟ್ಟಾರು. ಬೇಡ. ಡೆಬಿಯನ್ ನೀತಿಯ ಪ್ರಕಾರ ಮುಖ್ಯ ವಿಭಾಗದ ಪ್ಯಾಕೇಜು ಬಿಲ್ಡ್ ಆಗುವಾಗ ಹೊರಗಿನ ಜಾಲವನ್ನು ಮುಟ್ಟಬಾರದು. ಹಾಗೆ ಒಳಗೆ ಸೇರಿದ ಪ್ರತಿಗೆ ನಾಳೆ ಭದ್ರತಾ ತಿದ್ದುಪಡಿ ಬಂದರೆ ನಿಮ್ಮ ಪ್ಯಾಕೇಜಿಗೆ ಅದು ತಲುಪುವುದೂ ಇಲ್ಲ.

ಇನ್ನೊಂದು ತಪ್ಪನ್ನು ತೋರಿಸಿಕೊಟ್ಟದ್ದು ಮಳೆ. ಜುಲೈಯ ಒಂದು ಸಂಜೆ ಅಡಿಕೆ ಸೋಗೆ ಬಿದ್ದು ಇಂಟರ್‌ನೆಟ್ ತಂತಿ ತುಂಡಾಯಿತು. ಬೆಳಗ್ಗೆ ಬಿಲ್ಡ್ ಆದ ಪ್ಯಾಕೇಜು ರಾತ್ರಿ ಪರೀಕ್ಷೆಯ ಹಂತದಲ್ಲಿ ಮುಗ್ಗರಿಸಿತು. ತಂತ್ರಾಂಶದ ಜೊತೆಗೇ ಬಂದ ಪರೀಕ್ಷೆಗಳಲ್ಲಿ ಒಂದು, ನಿಜವಾದ ಒಂದು ಸರ್ವರ್‌ನ ಹೆಸರನ್ನು ಅಂತರಜಾಲದ ವಿಳಾಸ ಪಟ್ಟಿಯಾದ ಡಿಎನ್‌ಎಸ್‌ನಲ್ಲಿ ಹುಡುಕುತ್ತಿತ್ತು. ಮಳೆಗಾಗಿ ಕಾಯಬೇಕಾಗಿರಲಿಲ್ಲ, ಎಸ್‌ಬಿಲ್ಡ್ ಎಂಬ ಸಾಧನವನ್ನು, ಹೊರಗಿನ ಜಾಲ ಕಡಿದಿರುವ ಅದರ ಅನ್‌ಶೇರ್ ವಿಧಾನದಲ್ಲಿ, ಬಳಸಿದ್ದರೆ ಸಾಕಿತ್ತು. ಅದು ಪ್ರತಿ ಸಲವೂ ತೀರ ಅಗತ್ಯದ ಪ್ಯಾಕೇಜುಗಳಷ್ಟೇ ಇರುವ ಖಾಲಿ ಕೋಣೆಯನ್ನು ಸಿದ್ಧಮಾಡಿ, ನಿಮ್ಮ ಚೀಟಿಯಲ್ಲಿ ಇದ್ದದ್ದನ್ನು ಮಾತ್ರ ಒಳಗೆ ತಂದು ಬಿಲ್ಡ್ ಮಾಡುತ್ತದೆ. ಮರೆತ ಸಾಮಾನು ಮೊದಲ ಸಲಕ್ಕೇ ಹೊರಬೀಳುತ್ತದೆ. ಎಸ್‌ಬಿಲ್ಡ್ ಸಿದ್ಧಪಡಿಸಲು ಬೇಸರಪಟ್ಟು ನಾನು ಕಳೆದುಕೊಂಡ ಸಮಯ, ಅದನ್ನು ಸಿದ್ಧಪಡಿಸಲು ಬೇಕಾದ ಸಮಯದ ಹತ್ತು ಪಟ್ಟಾದರೂ ಇದ್ದೀತು.

ವಾಚನಾಲಯದ ಮೇಜಿನ ಮುಂದೆ

ಈಗ ಆ ಫೋನಿನ ವಿಷಯ. ಕಿಟಕಿ ತೆರೆಯುತ್ತದೆ, ಖಾತೆಯ ಹೆಸರು, ಗುಪ್ತಪದ ಕೊಡಬಹುದು, ಆಮೇಲೆ "ಸಂಪರ್ಕ ಸಾಧ್ಯವಾಗಲಿಲ್ಲ". ಇಂಥ ಸಂದೇಶ ಬರೆಯುವ ತಂತ್ರಾಂಶಕಾರರ ಮೇಲೆ ನನಗೆ ಸಿಟ್ಟಿದೆ. ಒಳಗೆ ನಿಖರವಾದ ಕಾರಣ ಬಂದಿರುತ್ತದೆ. ಅದನ್ನು ನುಂಗಿ, ಎಲ್ಲ ಕಾಯಿಲೆಗೂ ಒಂದೇ ಹೆಸರು ಹೇಳುತ್ತಾರೆ.

ಸಂಪರ್ಕ ಆಗಲಿಲ್ಲ ಎಂದರೆ ಮೊದಲು ತಂತ್ರಾಂಶವನ್ನು ಬದಿಗಿಟ್ಟು, ಅದಕ್ಕೆ ಸಂಬಂಧವಿಲ್ಲದ ಸಾಧನದಿಂದ ದಾರಿಯನ್ನು ಪರೀಕ್ಷಿಸಬೇಕು. ಎಕ್ಸ್‌ಎಂಪಿಪಿಗೆ, ಟಿಎಲ್‌ಎಸ್ ಎಂಬ ಗೂಢಲಿಪಿ ಸಂಪರ್ಕವನ್ನು ಪರೀಕ್ಷಿಸಬಲ್ಲ ಓಪನ್‌ಎಸ್‌ಎಸ್‌ಎಲ್ ಸಾಕು. ಎಸ್-ಕ್ಲೈಂಟ್ ಆಜ್ಞೆಗೆ ಸರ್ವರ್‌ನ ಹೆಸರು, 5222 ಎಂಬ ಪೋರ್ಟ್ ಸಂಖ್ಯೆ, ಸ್ಟಾರ್ಟ್‌ಟಿಎಲ್‌ಎಸ್ ಆಯ್ಕೆಗೆ ಎಕ್ಸ್‌ಎಂಪಿಪಿ ಎಂಬ ಬೆಲೆ ಕೊಟ್ಟರೆ, ಕೊನೆಯಲ್ಲಿ ಒಂದು ಪರಿಶೀಲನಾ ಸಂಖ್ಯೆ ಬರುತ್ತದೆ. 0 ಬಂದರೆ ಜಾಲ, ಸರ್ವರ್‌ನ ಗುರುತುಚೀಟಿಯಾದ ಪ್ರಮಾಣಪತ್ರ, ಗಡಿಯಾರ ಎಲ್ಲ ಸರಿ. 20 ಬಂದರೆ ಪ್ರಮಾಣಪತ್ರ ಕೊಟ್ಟವರ ಗುರುತು ಈ ಕಂಪ್ಯೂಟರಿಗಿಲ್ಲ. ಸಿಎ-ಸರ್ಟಿಫಿಕೇಟ್ಸ್ ಪ್ಯಾಕೇಜು ಇದೆಯೇ ನೋಡಿ. 10 ಬಂದರೆ ಪ್ರಮಾಣಪತ್ರದ ಅವಧಿ ಮುಗಿದಿದೆ. 9 ಬಂದರೆ ಅದು ಇನ್ನೂ ಜಾರಿಗೇ ಬಂದಿಲ್ಲ. ಆಜ್ಞೆ ಏನೂ ಹೇಳದೆ ಸುಮ್ಮನೆ ಕುಳಿತರೆ ಆ ಪೋರ್ಟನ್ನು ದಾರಿಯಲ್ಲಿ ಯಾರೋ ಮುಚ್ಚಿದ್ದಾರೆ. ವೆಬ್ ಪುಟಗಳು ಬರುವ 80 ಮತ್ತು 443 ಬಿಟ್ಟು ಉಳಿದೆಲ್ಲ ಮುಚ್ಚಿರುವ ಜಾಲಗಳು ಶಾಲೆ, ಕಚೇರಿಗಳಲ್ಲಿ ಸಾಮಾನ್ಯ. ಅದಕ್ಕೆಂದೇ ಎಕ್ಸ್‌ಇಪಿ-0368 ಎಂಬ ವಿಸ್ತರಣೆ ಇದೆ: ಸರ್ವರ್‌ನವರು ಡಿಎನ್‌ಎಸ್‌ನಲ್ಲಿ ಬರೆದಿಟ್ಟರೆ 443ರ ಮೂಲಕವೂ ನೇರ ಟಿಎಲ್‌ಎಸ್ ಸಂಪರ್ಕ ಮಾಡಬಹುದು. ಅದು ಪ್ಯಾಕೇಜು ಮಾಡುವವರ ಕೈಯಲ್ಲಿಲ್ಲ.

ವಾಚನಾಲಯದ ಮೊದಲ ಕಂಪ್ಯೂಟರಿನಲ್ಲಿ 9 ಬಂತು. ದಿನಾಂಕ ನೋಡಿದರೆ ಎರಡು ವರ್ಷ ಹಿಂದಿನದು. ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಎಂದೋ ಸತ್ತಿತ್ತು. ಪೇಟೆಯಲ್ಲಿ ಯಾವ ಗಡಿಯಾರದಂಗಡಿಯಲ್ಲೂ ಸಿಗುವ ನಾಣ್ಯದಂಥ ಬ್ಯಾಟರಿ. ಹಾಕಿಸಿದೆ, ಗಡಿಯಾರ ಸರಿಮಾಡಿದೆ, 0 ಬಂತು. "ಆಯಿತಕ್ಕ, ಸರಿಯಾಯಿತು" ಎಂದು ಗ್ರಂಥಪಾಲಕಿಗೆ ಹೇಳಿ ಚಹಾ ಕುಡಿದು ಬಸ್ ಹತ್ತಿದೆ. ನೀರ್ಚಾಲು ತಲುಪುವಷ್ಟರಲ್ಲಿ ಮತ್ತೆ ಫೋನ್.

ಒಂದು ದೋಷ ಸಿಕ್ಕಿದ ಸಂತೋಷದಲ್ಲಿ ಚಾಟ್ ತೆರೆದು ನೋಡಿಯೇ ಇರಲಿಲ್ಲ. ಓಪನ್‌ಎಸ್‌ಎಸ್‌ಎಲ್‌ಗೆ ಸಂಪರ್ಕ ಸಿಗುತ್ತದೆ, ಚಾಟ್‌ಗೆ ಸಿಗುವುದಿಲ್ಲ. ಗಡಿಯಾರ ಸರಿಯಿದ್ದ ಎರಡನೆಯ ಕಂಪ್ಯೂಟರಿನಲ್ಲೂ ಇದೇ ಕತೆ. ಎಂದರೆ ತಪ್ಪು ಜಾಲದಲ್ಲಿಲ್ಲ, ಪೆನ್‌ಡ್ರೈವಿನಲ್ಲಿ ನಾನು ತಂದ ವಸ್ತುವಿನಲ್ಲೇ ಇದೆ.

ಮರುದಿನ ಹೋಗಿ ಚಾಟನ್ನು ಟರ್ಮಿನಲ್‌ನಿಂದ, ಜಿ-ಮೆಸೇಜಸ್-ಡೀಬಗ್ ಎಂಬ ಪರಿಸರ ಚರಾಂಶಕ್ಕೆ "ಆಲ್" ಎಂದು ಕೊಟ್ಟು ಓಡಿಸಿದೆ. ಜಿಟಿಕೆಗೆ ಬುನಾದಿಯಾದ ಜಿಲಿಬ್ ಲೈಬ್ರರಿಯನ್ನು ಬಳಸುವ ಯಾವ ತಂತ್ರಾಂಶವೂ ಆಗ ಬಾಯಿ ಬಿಡುತ್ತದೆ. ನೂರಾರು ಸಾಲುಗಳ ನಡುವೆ ಒಂದು ಸಾಲು: ಟಿಎಲ್‌ಎಸ್ ಬೆಂಬಲ ಲಭ್ಯವಿಲ್ಲ.

ಇದೇ ಕೈಪಿಡಿಯ ತಿರುಳು, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಜಿಲಿಬ್‌ನ ಜಿಐಒ ಭಾಗ ಟಿಎಲ್‌ಎಸ್ ಗೂಢಲಿಪಿಯನ್ನು ತಾನೇ ಮಾಡುವುದಿಲ್ಲ. ಓಡುವ ಹೊತ್ತಿನಲ್ಲಿ ತನ್ನ ಮಾಡ್ಯೂಲ್ಸ್ ಕಡತಕೋಶವನ್ನು ತಡಕಿ, ಅಲ್ಲಿ ಟಿಎಲ್‌ಎಸ್ ಬಲ್ಲ ಮಾಡ್ಯೂಲ್ ಇದ್ದರೆ ಎತ್ತಿಕೊಳ್ಳುತ್ತದೆ. ಆ ಮಾಡ್ಯೂಲ್ ಬರುವುದು ಜಿಲಿಬ್-ನೆಟ್‌ವರ್ಕಿಂಗ್ ಎಂಬ ಬೇರೆಯೇ ಪ್ಯಾಕೇಜಿನಿಂದ. ಡಿಪೆಂಡ್ಸ್ ಪಟ್ಟಿಯನ್ನು ತುಂಬುವ ಡಿಪಿಕೆಜಿ-ಶ್‌ಲಿಬ್‌ಡೆಪ್ಸ್ ನೋಡುವುದು ನಿಮ್ಮ ಕಾರ್ಯಕ್ರಮದ ಕಡತದೊಳಗೆ ಬರೆದಿರುವ ಲೈಬ್ರರಿಗಳ ಹೆಸರುಗಳನ್ನು ಮಾತ್ರ. ಲೈಬ್ರರಿಗಳನ್ನು ಪಟ್ಟಿಮಾಡುವ ಎಲ್‌ಡಿಡಿ ಆಜ್ಞೆ ತೋರಿಸುವುದೂ ಆ ಹೆಸರುಗಳನ್ನು ಮತ್ತು ಅವುಗಳ ಬಾಲ ಹಿಡಿದು ಬರುವ ಲೈಬ್ರರಿಗಳನ್ನೇ. ಓಡುವಾಗ ಎತ್ತಿಕೊಳ್ಳುವ ಮಾಡ್ಯೂಲ್ ಇಬ್ಬರ ಕಣ್ಣಿಗೂ ಬೀಳುವುದಿಲ್ಲ. ಪಟ್ಟಿ ತಾನಾಗಿಯೇ ತುಂಬಿಕೊಳ್ಳುತ್ತದೆ ಎಂದು ನಂಬಿ ಕುಳಿತಿದ್ದ ನನಗೆ ಬಿದ್ದ ಪೆಟ್ಟು ಇದು.

ನನ್ನ ಮನೆಯಲ್ಲಿ ಹೇಗೆ ಓಡಿತು? ನನ್ನ ಡೆಸ್ಕ್‌ಟಾಪ್ ಗ್ನೋಮ್. ಅದರ ಹತ್ತಾರು ಕಾರ್ಯಕ್ರಮಗಳ ಜೊತೆ ಜಿಲಿಬ್-ನೆಟ್‌ವರ್ಕಿಂಗ್ ಎಂದೋ ಬಂದು ಕುಳಿತಿತ್ತು. ವಾಚನಾಲಯದ್ದು ಜಿಟಿಕೆಯ ಬದಲು ಕ್ಯೂಟಿ ಎಂಬ ಲೈಬ್ರರಿಯ ಮೇಲೆ ನಿಂತ ಎಲ್‌ಎಕ್ಸ್‌ಕ್ಯೂಟಿ. ಸಾಲದ್ದಕ್ಕೆ ಡೇಟಾ ಉಳಿಸಲೆಂದು ಯಾರೋ ಪುಣ್ಯಾತ್ಮರು ಕನಿಷ್ಠ ಅನುಸ್ಥಾಪನೆ ಮಾಡಿ, ಪ್ಯಾಕೇಜುಗಳನ್ನು ಇಳಿಸಿ ಹಾಕುವ ಆಪ್ಟ್‌ನ ಸಂರಚನೆಯಲ್ಲಿ ಶಿಫಾರಸಿನ ಪ್ಯಾಕೇಜುಗಳು ಬೇಡ ಎಂದು ಬರೆದಿಟ್ಟಿದ್ದರು. ಗಡಿಯಾರವನ್ನು ಜಾಲದಿಂದ ಸರಿಪಡಿಸುವ ಸಿಸ್ಟಮ್‌ಡಿ-ಟೈಮ್‌ಸಿಂಕ್‌ಡಿ ಕೂಡ ಅಲ್ಲಿ ಇರದಿದ್ದದ್ದು ಅದಕ್ಕೇ. ಡೆಬಿಯನ್ 12ರಲ್ಲಿ ಸಿಸ್ಟಮ್‌ಡಿ ಅದನ್ನು ಶಿಫಾರಸು ಮಾಡುತ್ತದೆಯೇ ಹೊರತು ಕಡ್ಡಾಯ ಮಾಡುವುದಿಲ್ಲ. ಆದರೆ ಅವರನ್ನು ದೂರಿ ಫಲವಿಲ್ಲ. ಶಿಫಾರಸನ್ನು ಬಿಟ್ಟರೂ ಪ್ಯಾಕೇಜಿನ ಮೂಲ ಕೆಲಸ ನಡೆಯಬೇಕು ಎಂಬುದೇ ನಿಯಮ. ಆ ನಿಯಮವನ್ನು ಮುರಿದವನು ನಾನು.

ಇಂಥದ್ದನ್ನು ಹಿಡಿಯುವ ಬಗೆ: ಓಡುವ ಮತ್ತು ಓಡದ ಎರಡೂ ಕಂಪ್ಯೂಟರುಗಳಲ್ಲಿ ಕಾರ್ಯಕ್ರಮ ಕರ್ನೆಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಕೊಟ್ಟು, ಕಡತ ತೆರೆಯುವ ಕರೆಗಳನ್ನು ಮಾತ್ರ ದಾಖಲಿಸಿ. ಓಡದ ಕಡೆಯ ದಾಖಲೆಯೊಂದನ್ನೇ ಎಷ್ಟು ದಿಟ್ಟಿಸಿದರೂ ಏನೂ ಹೊಳೆಯುವುದಿಲ್ಲ. ಮಾಡ್ಯೂಲಿನ ಹೆಸರು ಗೊತ್ತಿರದೆ ಅದು ಕಡತಕೋಶವನ್ನಷ್ಟೇ ತಡಕುವುದರಿಂದ, "ಇಂಥದ್ದು ಸಿಗಲಿಲ್ಲ" ಎಂಬ ಸಾಲು ಕೂಡ ಅಲ್ಲಿರುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಡಿಫ್ ಮಾಡಿದರೆ ಮನೆಯ ದಾಖಲೆಯಲ್ಲಿ ಮಾತ್ರ ಇರುವ ಲಿಬ್‌ಜಿಯೋಗ್ನುಟಿಎಲ್‌ಎಸ್ ಎದ್ದು ಕಾಣುತ್ತದೆ. ಡಿಪಿಕೆಜಿಗೆ ದೊಡ್ಡಕ್ಷರದ ಎಸ್ ಆಯ್ಕೆಯ ಜೊತೆ ಆ ಕಡತದ ಹೆಸರು ಕೊಟ್ಟರೆ ಯಾವ ಪ್ಯಾಕೇಜಿನದು ಎಂದು ಹೇಳುತ್ತದೆ. ಮುಗಿಯಿತು.

ಪಟ್ಟಿಯಲ್ಲಿ ಎಲ್ಲಿ ಬರೆಯಬೇಕು

ಕಾರಣ ಗೊತ್ತಾಗುವ ಮೊದಲು ಪ್ಯಾಕೇಜುಗಳನ್ನು ಒಂದೊಂದಾಗಿ ಡಿಪೆಂಡ್ಸ್‌ಗೆ ತುರುಕಿ ನೋಡುವ ಆಸೆಯಾಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಯಾವುದೋ ಒಂದರ ಬಾಲ ಹಿಡಿದು ಜಿಲಿಬ್-ನೆಟ್‌ವರ್ಕಿಂಗ್ ಬಂದುಬಿಟ್ಟರೆ ದೋಷ ಮಾಯವಾಗುತ್ತದೆ. ನಾಳೆ ಆ ಯಾವುದೋ ಒಂದು ತನ್ನ ಪಟ್ಟಿ ಬದಲಿಸಿದರೆ ದೋಷ ಮರಳಿ ಬರುತ್ತದೆ, ಆಗ ನಿಮಗೆ ನೆನಪೂ ಇರುವುದಿಲ್ಲ.

ಟಿಎಲ್‌ಎಸ್ ಇಲ್ಲದೆ ಈ ಚಾಟ್ ಯಾವ ಸರ್ವರ್‌ಗೂ ಹೋಗಲು ಒಪ್ಪುವುದಿಲ್ಲ, ಆದ್ದರಿಂದ ಜಿಲಿಬ್-ನೆಟ್‌ವರ್ಕಿಂಗ್‌ನ ಜಾಗ ಡಿಪೆಂಡ್ಸ್. ಸಿಎ-ಸರ್ಟಿಫಿಕೇಟ್ಸ್ ಅನ್ನು ನಾನು ಶಿಫಾರಸಿನ ಪಟ್ಟಿಯಾದ ರೆಕಮೆಂಡ್ಸ್‌ನಲ್ಲಿ ಇಟ್ಟೆ. ತಮ್ಮದೇ ಪ್ರಮಾಣಪತ್ರ ಇಟ್ಟುಕೊಂಡು ಮನೆಯೊಳಗೇ ಸರ್ವರ್ ನಡೆಸುವವರಿದ್ದಾರೆ. ಕನ್ನಡ ಅಕ್ಷರಗಳ ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜನ್ನೂ ಸೇರಿಸೋಣ ಎಂದು ಮನಸ್ಸು ಎಳೆಯಿತು. ಸೇರಿಸಲಿಲ್ಲ. ಯಾವ ಭಾಷೆಯ ಫಾಂಟ್ ಬೇಕು ಎಂಬುದು ಇಡೀ ಕಂಪ್ಯೂಟರಿನ ತೀರ್ಮಾನ. ಒಂದು ಚಾಟ್ ಜಗತ್ತಿನವರೆಲ್ಲರ ಡಿಸ್ಕಿಗೂ ಕನ್ನಡ ತುಂಬುವುದು ಅಭಿಮಾನದ ಮಾತಾಯಿತೇ ಹೊರತು ಪ್ಯಾಕೇಜಿನ ಮಾತಾಗಲಿಲ್ಲ.

ದೋಷ ಮರಳದಂತೆ ಡೆಬಿಯನ್/ಟೆಸ್ಟ್ಸ್ ಕಡತಕೋಶದಲ್ಲಿ ಒಂದು ಪುಟ್ಟ ಪರೀಕ್ಷೆ ಸೇರಿಸಿದ್ದೇನೆ. ಪೈಥಾನ್‌ನಿಂದ ಜಿಐಒಗೆ "ನಿನಗೆ ಟಿಎಲ್‌ಎಸ್ ಬರುತ್ತದೆಯೇ" ಎಂದು ಕೇಳುವ ಒಂದು ಸಾಲು. ಇಲ್ಲ ಎಂದರೆ ಪರೀಕ್ಷೆ ಸೋಲುತ್ತದೆ. ಆಟೋಪಿಕೆಜಿಟೆಸ್ಟ್ ಇದನ್ನು ಖಾಲಿ ಕೋಣೆಯಲ್ಲಿ, ಅನುಸ್ಥಾಪನೆಯಾದ ಪ್ಯಾಕೇಜಿನ ಮೇಲೆ ಓಡಿಸುತ್ತದೆ. ಪರೀಕ್ಷೆಗೆ ಬೇಕಾದ ಪೈಥಾನ್ ಪ್ಯಾಕೇಜನ್ನು ಪರೀಕ್ಷೆಯ ಚೀಟಿಯಲ್ಲೇ ಬರೆಯಬೇಕು. ಚಾಟ್‌ನ ಡಿಪೆಂಡ್ಸ್‌ಗೆ ಹಾಕಬೇಡಿ.

ಪರವಾನಗಿಯ ವಿಷಯ ಚುಟುಕಾಗಿ. ಸಂದೇಶ ಬಂದಾಗ ಕೇಳಿಸುವ ಟಿಂಗ್ ಎಂಬ ಸದ್ದಿನ ಕಡತಕ್ಕೆ ವಾಣಿಜ್ಯ ಬಳಕೆ ನಿಷೇಧಿಸುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇತ್ತು. ಡೆಬಿಯನ್‌ನ ಸ್ವತಂತ್ರ ತಂತ್ರಾಂಶ ಮಾರ್ಗಸೂಚಿಗೆ ಅದು ಒಪ್ಪಿಗೆಯಾಗುವುದಿಲ್ಲ. ಸದ್ದನ್ನು ಆಕರದಿಂದಲೇ ತೆಗೆದು ಮತ್ತೆ ಕಟ್ಟಿದೆ. ಸಂಕೇತದ ಕಡತಗಳನ್ನಷ್ಟೇ ಅಲ್ಲ, ಚಿತ್ರ, ಸದ್ದು, ಇಮೋಜಿಗಳನ್ನೂ ಒಂದೊಂದಾಗಿ ನೋಡಿ ಕಾಪಿರೈಟ್ ಕಡತ ಬರೆಯಿರಿ.

ಕನ್ನಡ ಕಾಣದಿದ್ದರೆ

ಕನ್ನಡ ಅನುವಾದ ಇದ್ದೂ ಮೆನುಗಳೆಲ್ಲ ಇಂಗ್ಲಿಷಿನಲ್ಲಿದ್ದರೆ ಎರಡು ಕಡೆ ನೋಡಿ. ಅನುವಾದಗಳಿರುವ ಪಿಒ ಕಡತಕೋಶದ ಲಿಂಗ್ವಾಸ್ ಎಂಬ ಕಡತದಲ್ಲಿ ಕನ್ನಡದ ಎರಡಕ್ಷರದ ಸಂಕೇತ ಇಲ್ಲದಿದ್ದರೆ ಅನುವಾದ ಬಿಲ್ಡ್ ಆಗಿರುವುದೇ ಇಲ್ಲ. ಅದು ಇದ್ದರೆ, ಕಂಪ್ಯೂಟರಿನಲ್ಲಿ ಕನ್ನಡದ ಲೊಕೇಲ್, ಎಂದರೆ ಭಾಷೆ ಮತ್ತು ಪ್ರದೇಶದ ಏರ್ಪಾಡು, ತಯಾರಾಗಿದೆಯೇ ನೋಡಿ. ತಯಾರಾಗದ ಲೊಕೇಲ್ ಕೇಳಿದರೆ ಸಿ ಲೈಬ್ರರಿ ಮರುಮಾತಿಲ್ಲದೆ "ಸಿ" ಎಂಬ ಮೂಲ ಲೊಕೇಲ್‌ಗೆ ಜಾರುತ್ತದೆ, ಅನುವಾದಗಳು ಪೂರ್ತಿ ಕೈಬಿಡುತ್ತವೆ. ಟರ್ಮಿನಲ್‌ನಲ್ಲಿ ಜಿಟಿಕೆ ಒಂದು ಎಚ್ಚರಿಕೆ ಕೊಟ್ಟಿರುತ್ತದೆ. ಲ್ಯಾಂಗ್ವೇಜ್ ಎಂಬ ಚರಾಂಶಕ್ಕೆ ಕನ್ನಡ, ಮಲಯಾಳಂ, ಇಂಗ್ಲಿಷ್ ಎಂದು ಸಾಲಾಗಿ ಭಾಷೆಗಳನ್ನು ಕೊಡಬಹುದು: ಮೊದಲನೆಯದರಲ್ಲಿ ಅನುವಾದ ಇಲ್ಲದಿದ್ದರೆ ಎರಡನೆಯದು. ಕಾಸರಗೋಡಿನವರನ್ನು ಕಂಡೇ ಯಾರೋ ಮಾಡಿಟ್ಟಂತಿದೆ.

ಮಾಸ್ತರ್‌ಮಾವ ಒಳಗೆ ಬರಲಿಲ್ಲ

ಸಂಪರ್ಕವಾಯಿತು, ಮಕ್ಕಳು ಗುಂಪು ಕೋಣೆಯಲ್ಲಿ ಮಾತನಾಡತೊಡಗಿದರು. ಒಬ್ಬರಿಗೆ ಮಾತ್ರ ಕೋಣೆ ತೆರೆಯಲಿಲ್ಲ. ನಿವೃತ್ತ ಶಿಕ್ಷಕರು, ಅಡ್ಡಹೆಸರು ಮಾಸ್ತರ್‌ಮಾವ ಎಂದು ಕೊಟ್ಟಿದ್ದರು. ಅವರ ಪರದೆಯಲ್ಲಿ "ಸೇರಿಕೊಳ್ಳುತ್ತಿದೆ" ಎಂಬ ಚಕ್ರ ತಿರುಗುತ್ತಲೇ ಇತ್ತು. ವಿಚಿತ್ರವೆಂದರೆ ಉಳಿದವರ ಪರದೆಯಲ್ಲಿ ಅವರು ಬಂದಿದ್ದರು, ಆದರೆ ಅಕ್ಷರ ಬೇರೆ: ಮಾಸ್ತರ್ಮಾವ.

ಈ ಎರಡನ್ನೂ ಮತ್ತೊಮ್ಮೆ ಓದಿ. ಮೊದಲನೆಯದರಲ್ಲಿ ರ್ ಮತ್ತು ಮಾ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರವಿದೆ, ಯೂನಿಕೋಡ್‌ನ 200ಸಿ. ಎರಡು ವ್ಯಂಜನಗಳು ಕೂಡಿಕೊಳ್ಳದಂತೆ ತಡೆಯುವುದು ಅದರ ಕೆಲಸ. ಸಾಫ್ಟ್‌ವೇರ್ ಎಂದು ಬರೆಯುವಾಗ ನಾವೆಲ್ಲರೂ ಅರಿವಿಲ್ಲದೆ ಒತ್ತುವುದು ಅದನ್ನೇ. ಎರಡನೆಯದರಲ್ಲಿ ಅದು ಬಿದ್ದುಹೋಗಿ ಅರ್ಕಾವೊತ್ತು ಮೂಡಿದೆ.

ಬೀಳಿಸಿದ್ದು ಸರ್ವರ್, ಅದೂ ನಿಯಮದಂತೆ. ಗುಂಪು ಕೋಣೆಯ ಅಡ್ಡಹೆಸರು ಎಕ್ಸ್‌ಎಂಪಿಪಿ ವಿಳಾಸದ ಒಂದು ಭಾಗ. 2002ರ ಆರ್‌ಎಫ್‌ಸಿ 3454 ಎಂಬ ಅಂತರಜಾಲ ಮಾನದಂಡದ ಸ್ಟ್ರಿಂಗ್‌ಪ್ರೆಪ್ ವಿಧಾನದಲ್ಲಿ ವಿಳಾಸದೊಳಗಿನ ಕಾಣದ ಅಕ್ಷರಗಳನ್ನು ಅಳಿಸಿಬಿಡಬೇಕು. ಇಂಗ್ಲಿಷಿಗೆ ಅವು ಕಸ, ನಮಗೆ ಕಾಗುಣಿತ. 2015ರ ಆರ್‌ಎಫ್‌ಸಿ 7622 ಸ್ವಲ್ಪ ಉದಾರವಾಗಿ, ವ್ಯಂಜನದ ಅಕಾರ ಕಳೆಯುವ ವಿರಾಮ ಚಿಹ್ನೆಯ (್) ಬೆನ್ನಿಗೆ ಬಂದರೆ ಇರಲಿ ಎನ್ನುತ್ತದೆ. ಮಾಸ್ತರ್‌ಮಾವನಿಗೆ ಅದು ಸಾಕು, ರ‍್ಯಾಂಕ್ ಎಂಬ ಪದಕ್ಕೆ ಸಾಲದು: ಅದಕ್ಕೆ ಬೇಕಾದ 200ಡಿ ಎಂಬ ಇನ್ನೊಂದು ಕಾಣದ ಅಕ್ಷರವನ್ನು ಕನ್ನಡದಲ್ಲಿ ರಕಾರವಾದ ಕೂಡಲೇ, ವಿರಾಮಕ್ಕಿಂತ ಮೊದಲು ಇಡುತ್ತೇವೆ. ಎರಡೂ ಕಾಲದ ನಿಯಮಗಳಲ್ಲಿ ರ‍್ಯಾಂಕ್ ವಿದ್ಯಾರ್ಥಿಗೆ ತನ್ನ ಹೆಸರಿನಲ್ಲಿ ಪ್ರವೇಶವಿಲ್ಲ.

ಖಚಿತಪಡಿಸಿಕೊಳ್ಳುವುದು ಹೀಗೆ. ಅದೇ ಪದವನ್ನು ಸಂದೇಶದಲ್ಲಿ ಕಳಿಸಿ. ಸಂದೇಶದ ಒಡಲಿಗೆ ಈ ಅಳಿಸುವಿಕೆ ಅನ್ವಯಿಸುವುದಿಲ್ಲವಾದ್ದರಿಂದ ಸರಿಯಾಗಿ ತಲುಪುತ್ತದೆ. ತಲುಪದಿದ್ದರೆ ನಿಮ್ಮ ದೋಷ ಬೇರೆ. ಆಮೇಲೆ ಡೀಬಗ್ ದಾಖಲೆಯಿಂದ ಹೋದ ಮತ್ತು ಬಂದ ಹೆಸರುಗಳನ್ನು ಬೈಟುಗಳನ್ನು ಸಂಖ್ಯೆಗಳಾಗಿ ತೋರಿಸುವ ಎಕ್ಸ್‌ಎಕ್ಸ್‌ಡಿಗೆ ಕೊಟ್ಟು ಹೋಲಿಸಿ. ಹೋದದ್ದರಲ್ಲಿ 200ಸಿಯ ಬೈಟುಗಳಾದ ಇ2 80 8ಸಿ ಇದ್ದು, ಬಂದದ್ದರಲ್ಲಿ ಇಲ್ಲದಿದ್ದರೆ ಇದೇ.

ಹೆಸರು ಬದಲಾದದ್ದು ಸರ್ವರ್‌ನಲ್ಲಿ, ಆದರೆ ಚಕ್ರ ತಿರುಗುತ್ತಲೇ ಉಳಿದದ್ದು ಚಾಟ್‌ನ ತಪ್ಪು. ಕೋಣೆ ಸೇರಿದವರ ಪಟ್ಟಿಯಲ್ಲಿ ತಾನು ಕೊಟ್ಟ ಹೆಸರೇ ಬೈಟು ಬೈಟಿಗೂ ಹೊಂದಿ ಬರಲಿ ಎಂದು ಅದು ಕಾಯುತ್ತಿತ್ತು. ಗುಂಪು ಕೋಣೆಗಳ ವಿಸ್ತರಣೆಯಾದ ಎಕ್ಸ್‌ಇಪಿ-0045ರಲ್ಲಿ ಅದಕ್ಕೆಂದೇ 110 ಎಂಬ ಸಂಕೇತವಿದೆ, "ಇದು ನೀನೇ" ಎಂದು ಅರ್ಥ. ಹೆಸರನ್ನು ಬದಲಿಸಿದ್ದೇನೆ ಎಂದು ಹೇಳಲು 210 ಇದೆ. 110 ಕಂಡೊಡನೆ ಕೋಣೆ ತೆರೆಯುವಂತೆ ಆರು ಸಾಲು ತಿದ್ದಿದೆ.

ಈ ತಿದ್ದುಪಡಿಯ ತೇಪೆ (ಪ್ಯಾಚ್) ನನ್ನ ಪ್ಯಾಕೇಜಿನಲ್ಲೇ ಉಳಿದರೆ ಬೇರೆ ವಿತರಣೆಯವರಿಗೆ ಸಿಗುವುದಿಲ್ಲ. ಮೂಲ ತಂತ್ರಾಂಶದವರಿಗೆ ಕಳಿಸಿ, ಅದರ ಕೊಂಡಿಯನ್ನು ತೇಪೆಯ ತಲೆಬರಹದ ಫಾರ್ವರ್ಡೆಡ್ ಎಂಬ ಸಾಲಿನಲ್ಲಿ ಬರೆದಿಟ್ಟಿದ್ದೇನೆ. ಮುಂದಿನ ಆವೃತ್ತಿ ಬಂದಾಗ ಆ ತೇಪೆ ಅಂಟದೆ ಬಿಲ್ಡ್ ನಿಂತರೆ ಮೊದಲು ಆ ಕೊಂಡಿ ನೋಡಿ. ಅವರು ಸೇರಿಸಿಕೊಂಡಿದ್ದರೆ ತೇಪೆಗಳ ಪಟ್ಟಿಯಾದ ಸೀರೀಸ್ ಕಡತದಿಂದ ಅದರ ಸಾಲನ್ನು ಅಳಿಸಿ. ಇಲ್ಲದಿದ್ದರೆ ತೇಪೆಗಳನ್ನು ನಿಭಾಯಿಸುವ ಕ್ವಿಲ್ಟ್‌ನಿಂದ ಹೊಸ ಆಕರಕ್ಕೆ ಹೊಂದಿಸಿ, ಮಾಸ್ತರ್‌ಮಾವ ಎಂಬ ಹೆಸರಿನಿಂದಲೇ ಒಮ್ಮೆ ಕೋಣೆ ಸೇರಿ ನೋಡಿ.